ಶಿವಾರಪಟ್ಟಣದ ದಾರಿಯ ಕುಲುಮೆ: ಬಡಿದು ಮಾಡಿದ ಕಬ್ಬಿಣದ ಕೊಕ್ಕೆಗಳ ವಿಮರ್ಶೆ

ಕೋಲಾರ ಜಿಲ್ಲೆಯ ಮಾಲೂರಿನಿಂದ ಶಿವಾರಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ, ನೀಲಗಿರಿ ತೋಪೊಂದರ ಅಂಚಿಗೆ, ಹೆಸರಿನ ಫಲಕವಿಲ್ಲದ ಕುಲುಮೆಯೊಂದಿದೆ. ತಂದೆ ಮತ್ತು ಮಗ ಇಬ್ಬರೇ ನಡೆಸುವ ಈ ಕುಲುಮೆಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಶಿವಾರಪಟ್ಟಣದ ಶಿಲ್ಪಿಗಳ ಉಳಿಗಳದು. ಉಳಿದದ್ದು ಸುತ್ತಲಿನ ರೈತರ ಗುದ್ದಲಿ, ಹಾರೆ, ಮಚ್ಚು, ಕುಡುಗೋಲುಗಳದು. ಈ ಕೆಲಸಗಳ ನಡುವೆ ಬಿಡುವು ಸಿಕ್ಕಾಗ ಅವರು ಗೋಡೆಗೂ ತೊಲೆಗೂ ಹಾಕುವ ಅಲಂಕಾರದ ಕೊಕ್ಕೆಗಳನ್ನು ಮಾಡಿಕೊಡುತ್ತಾರೆ. ನಮ್ಮ ಹಳೆಯ ಹೆಂಚಿನ ಮನೆಯನ್ನು ರಿಪೇರಿ ಮಾಡಿಸುವಾಗ ಬಟ್ಟೆ, ಚೀಲ, ಛತ್ರಿ ನೇತುಹಾಕುವ ಗೋಡೆಕೊಕ್ಕೆಗಳನ್ನೂ ಅಡುಗೆಮನೆಯ ತೊಲೆಗೆ ಬೇಕಾದ ಕೊಕ್ಕೆಗಳನ್ನೂ ಅಲ್ಲಿಯೇ ಮಾಡಿಸಿದೆವು. ಒಂದು ಮಳೆಗಾಲ, ಒಂದು ಬೇಸಿಗೆ ಅವುಗಳನ್ನು ದಿನವೂ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಆಕಾರದಲ್ಲಿಯೂ ಬಲದಲ್ಲಿಯೂ ಈ ಕೊಕ್ಕೆಗಳಿಗೆ ಸಾಟಿಯಾದುದನ್ನು ನಾನು ಬೇರೆಲ್ಲಿಯೂ ಕೊಂಡಿಲ್ಲ. ಮೇಲ್ಮೈಗೆ ಕೊಡುವ ಕೊನೆಯ ಕೆಲಸದಲ್ಲಿ ಮಾತ್ರ ಕುಲುಮೆ ಹಿಂದೆ ಬಿದ್ದಿದೆ. ಏನನ್ನು ಕೇಳಬೇಕೆಂದು ತಿಳಿದು ಹೋದ ಗಿರಾಕಿ ಆ ಕೊರತೆಯನ್ನು ಸುಲಭವಾಗಿ ತಪ್ಪಿಸಿಕೊಳ್ಳಬಹುದು.

ಶಿಲ್ಪಿಗಳ ಉಳಿ ಮಾಡುವ ಕೈಗೆ ಕೊಕ್ಕೆ ಮಾಡುವುದು ಏಕೆ ಒಲಿಯುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕಲ್ಲು ಕಡೆಯುವ ಉಳಿಗೆ ಇಂಗಾಲ ಹೆಚ್ಚಿರುವ ಉಕ್ಕು ಬೇಕು. ಅದನ್ನು ಬಡಿದು ತುದಿ ಮಾಡಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಗಟ್ಟಿಗೊಳಿಸಿದ ನಂತರ, ಮತ್ತೆ ಸ್ವಲ್ಪವೇ ಬಿಸಿ ಕೊಟ್ಟು ಹದ ಹಾಕುತ್ತಾರೆ. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕಿನ ಮೇಲೆ ಆಗ ಬಣ್ಣಗಳು ಓಡುತ್ತವೆ: ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿ, 280ರ ಹತ್ತಿರ ನೇರಳೆ, 300ರ ಹತ್ತಿರ ನೀಲಿ. ಯಾವ ಬಣ್ಣಕ್ಕೆ ನಿಲ್ಲಿಸಬೇಕೆಂಬುದನ್ನು ಕಣ್ಣೇ ಹೇಳಬೇಕು. ಒಂದು ಕ್ಷಣ ತಡವಾದರೆ ಉಳಿ ಮೆತ್ತಗಾಗುತ್ತದೆ, ಒಂದು ಕ್ಷಣ ಮೊದಲಾದರೆ ಕಲ್ಲಿನ ಮೇಲೆ ಮುರಿಯುತ್ತದೆ. ಕೊಕ್ಕೆಗೆ ಬಳಸುವ ಮೆದು ಉಕ್ಕಿನಲ್ಲಿ, ಅಂದರೆ ಅಂಗಡಿಯಲ್ಲಿ ಎಂ.ಎಸ್. ಎಂದು ಕರೆಯುವ ಸರಳಿನಲ್ಲಿ, ಇಂಗಾಲ ಸಾಮಾನ್ಯವಾಗಿ ಶೇಕಡಾ 0.25ಕ್ಕಿಂತ ಕಡಿಮೆ ಇರುವುದರಿಂದ ಅದು ನೀರಿಗೆ ಅದ್ದಿದರೂ ಹೇಳಿಕೊಳ್ಳುವಷ್ಟು ಗಟ್ಟಿಯಾಗುವುದಿಲ್ಲ, ಹದ ಹಾಕುವ ಅಗತ್ಯವೂ ಬೀಳುವುದಿಲ್ಲ. ಆದರೆ ಬಿಸಿಯನ್ನು ಬಣ್ಣದಲ್ಲಿ ಓದುವ ಆ ಕಣ್ಣು ಕೊಕ್ಕೆಯ ಕೆಲಸಕ್ಕೂ ಅಷ್ಟೇ ಬೇಕು. ಕುಲುಮೆಯ ಒಳಗೆ ಹಗಲಿನಲ್ಲಿಯೂ ಮಬ್ಬುಗತ್ತಲು ಇರುವಂತೆ ತಗಡಿನ ತಡಿಕೆಗಳನ್ನು ಕಟ್ಟಿರುವುದಕ್ಕೆ ಕಾರಣ ಇದೇ: ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ.

ವಿನ್ಯಾಸದ ಮಾತು ಶುರುವಾಗುವುದು ಒಂದು ಹಳೆಯ ಕಬ್ಬಿಣದ ತಗಡಿನ ಮೇಲೆ. ಹಿರಿಯ ಆಚಾರ್ಯರು, ಅಂದರೆ ತಂದೆ, ಸೀಮೆಸುಣ್ಣದಿಂದ ಕೊಕ್ಕೆಯನ್ನು ಅದರ ನಿಜವಾದ ಅಳತೆಯಲ್ಲಿಯೇ ತಗಡಿನ ಮೇಲೆ ಬರೆಯುತ್ತಾರೆ. ಕಾಗದದ ಮೇಲೆ ಬರೆದರೆ ಕಾದ ಕಬ್ಬಿಣವನ್ನು ಅದರ ಮೇಲಿಟ್ಟು ನೋಡಲಾಗುವುದಿಲ್ಲ. ತಗಡಾದರೆ ಬಾಗಿಸುವ ಪ್ರತಿ ಹಂತದಲ್ಲಿಯೂ ಕೆಂಡದಂಥ ಸರಳನ್ನು ಗೆರೆಯ ಮೇಲಿಟ್ಟು ಹೋಲಿಸಬಹುದು. ಅನಂತರ ಕಟ್ಟಡದವರು ಬಳಸುವ ಬೈಂಡಿಂಗ್ ವೈರಿನ ತುಂಡೊಂದನ್ನು ಗೆರೆಯ ಉದ್ದಕ್ಕೂ ಬಳಸಿ, ಅದನ್ನು ನೆಟ್ಟಗೆ ಎಳೆದು, ಎಷ್ಟು ಸರಳು ಬೇಕೆಂದು ಅಳೆಯುತ್ತಾರೆ. ಅದರಲ್ಲಿಯೂ ಚೂಪಾಗುವ ತುದಿಗೆ ಬೇರೆ ಲೆಕ್ಕವಿದೆ. ಚೌಕ ಸರಳಿನ ತುದಿಯನ್ನು ನಾಲ್ಕೂ ಬದಿಯಿಂದ ಬಡಿದು ಮೊನೆ ಮಾಡಿದರೆ ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ, ಉದ್ದಕ್ಕೆ ಹರಿಯುತ್ತದೆ. ಮೊನೆಯ ಆಕಾರದ ಗಾತ್ರ ಅದೇ ಉದ್ದದ ಚೌಕ ಸರಳಿನ ಮೂರನೆಯ ಒಂದು ಭಾಗವಾದ್ದರಿಂದ ಒಂದು ಅಂಗುಲ ಸರಳು ಮೂರು ಅಂಗುಲದ ಮೊನೆಯಾಗುತ್ತದೆ. ಆಚಾರ್ಯರು ಈ ಲೆಕ್ಕವನ್ನು ಬಾಯಲ್ಲಿ ಹೇಳದೆಯೇ ಗೆರೆಯಲ್ಲಿ ಮೂರು ಅಂಗುಲವಿದ್ದ ತುದಿಗೆ ಸರಳಿನಲ್ಲಿ ಒಂದೇ ಅಂಗುಲ ಬಿಟ್ಟು ಗುರುತು ಹಾಕಿದ್ದನ್ನು ಕಂಡು ನನಗೆ ಅವರ ಮೇಲೆ ಪೂರ್ಣ ನಂಬಿಕೆ ಬಂದಿತು.

ಗೋಡೆಕೊಕ್ಕೆಗೆ ಗಿಳಿಯ ಆಕಾರ ಬೇಕೆಂಬುದು ನಮ್ಮ ಮನೆಯವರ ಆಸೆಯಾಗಿತ್ತು. ಹಳೆಯ ಮನೆಗಳ ಗೋಡೆಗಳಲ್ಲಿ ಮರದ ಗಿಳಿಗೂಟಗಳನ್ನು ಕಂಡವರಿಗೆ ಆ ಆಸೆ ಏಕೆಂದು ಹೇಳಬೇಕಾಗಿಲ್ಲ. ಕೊಕ್ಕನ್ನು ಮುಂದಕ್ಕೆ ಚಾಚಿ ಗೋಡೆಯಿಂದ ಹೊರಬರುವ ಗಿಳಿಯ ಕತ್ತಿನ ಮೇಲೆ ಶಲ್ಯವನ್ನೋ ಪೇಟವನ್ನೋ ಇಡುತ್ತಿದ್ದ ಕಾಲದ ವಸ್ತು ಅದು. ಆಚಾರ್ಯರು ಒಪ್ಪಲಿಲ್ಲ. “ಮರದಾಗೆ ಕೆತ್ತಿದ್ ಗಿಳೀನ ಕಬ್ಬಿಣದಾಗೆ ಕೇಳಿದ್ರೆ ಆಗಕಿಲ್ಲ ಸ್ವಾಮಿ, ಕಬ್ಬಿಣಕ್ಕೆ ಅದರದೇ ನಡೆ ಐತೆ” ಎಂದರು. ಮರದಲ್ಲಿ ಬೇಡವಾದದ್ದನ್ನು ಕೆತ್ತಿ ತೆಗೆಯುತ್ತಾರೆ. ಕುಲುಮೆಯಲ್ಲಿ ಇರುವುದನ್ನು ತಳ್ಳಿ, ಎಳೆದು, ಚಪ್ಪಟೆ ಮಾಡಿ, ತಿರುಚಿ ಬೇಕಾದ ಕಡೆಗೆ ಕಳುಹಿಸುತ್ತಾರೆ. ಗಿಳಿಯ ಸಣ್ಣ ಕೊಕ್ಕನ್ನು ಬಡಿದು ತರಬಹುದು, ಆದರೆ ಉಳಿದ ಭಾಗ ಬಿಸಿಯಾಗುವಷ್ಟರಲ್ಲಿ ಆ ಸಪೂರ ತುದಿ ಬೆಂಕಿಯಲ್ಲಿ ಉರಿದು ಹೋಗುತ್ತದೆ. ಕೊನೆಗೆ ಒಪ್ಪಂದವಾದದ್ದು ಹೀಗೆ: ಗೋಡೆಗೆ ತಗುಲುವ ಮೇಲ್ತುದಿಯಲ್ಲಿ ಮಾವಿನ ಎಲೆ, ನಡುವೆ ತಿರುಚಿದ ಚೌಕ ಸರಳು, ಕೆಳಗೆ ಮುಂದಕ್ಕೆ ಬಾಗಿದ ಕೊಕ್ಕೆ, ಅದರ ತುದಿ ಹೊರಕ್ಕೆ ಸುತ್ತಿದ ಸಣ್ಣ ಸುರುಳಿ. ಶ್ರೀನಿವಾಸಪುರದ ಮಾವಿನ ಹೆಸರು ಹೊತ್ತ ಜಿಲ್ಲೆಯಲ್ಲಿ ಮಾವಿನ ಎಲೆ ಹೊಂದುವ ಆಯ್ಕೆಯೇ ಆಯಿತು. ಎರಡು ಕೊಕ್ಕೆಗಳಿಗೆ ಮಾತ್ರ, ತುದಿಯನ್ನು ದಪ್ಪಗೆ ಉಳಿಸಿ, ಪಂಚಿನಿಂದ ಒಂದು ಕಣ್ಣು ಹೊಡೆದು, ಗಿಳಿಯ ತಲೆಯ ಹೊರಗೆರೆಯಷ್ಟನ್ನೇ ತಂದುಕೊಟ್ಟರು. ರೆಕ್ಕೆಯಿಲ್ಲದ, ಗರಿಯಿಲ್ಲದ ಆ ಗಿಳಿಗಳು ನಮ್ಮ ಮನೆಯ ಅತ್ಯುತ್ತಮ ವಸ್ತುಗಳೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಆ ಎಲೆ ಚೆಂದಕ್ಕಾಗಿ ಮಾತ್ರ ಇರುವುದಲ್ಲ ಎಂಬುದು ಗೋಡೆಗೆ ಕೂರಿಸಿದಾಗ ತಿಳಿಯಿತು, ಮತ್ತು ಈ ಕುಲುಮೆಯ ಕೊಕ್ಕೆಗಳನ್ನು ನಾನು ಇಷ್ಟು ಮೆಚ್ಚಲು ಮುಖ್ಯ ಕಾರಣವೂ ಅದೇ. ಗೋಡೆಯಿಂದ ಮೂರು ಅಂಗುಲ ಮುಂದೆ ಚಾಚಿದ ಕೊಕ್ಕೆಗೆ ಹತ್ತು ಕಿಲೋ ತೂಕದ ಚೀಲ ಹಾಕಿದೆವೆನ್ನಿ. ಆ ತೂಕ ಕೊಕ್ಕೆಯನ್ನು ಕೆಳಕ್ಕೆ ಎಳೆಯುವುದರ ಜೊತೆಗೆ ಅದರ ಮೇಲ್ತುದಿಯನ್ನು ಗೋಡೆಯಿಂದ ಕೀಳಲು ನೋಡುತ್ತದೆ. ಕೊಕ್ಕೆಯಲ್ಲಿ ಗೋಡೆಗೆ ಒರಗುವ ಭಾಗದ, ಅಂದರೆ ಪಟ್ಟಿಯ, ಕೆಳ ಅಂಚು ಗೋಡೆಗೆ ಒತ್ತಿ ನಿಂತು, ಮೇಲಿನ ತಿರುಪು ಹೊರಕ್ಕೆ ಎಳೆಸಿಕೊಳ್ಳುತ್ತದೆ. ಮೇಲಿನ ತಿರುಪಿನಿಂದ ಕೆಳ ಅಂಚಿಗೆ ಆರು ಅಂಗುಲವಿದ್ದರೆ ಆ ಎಳೆತ ಐದು ಕಿಲೋ ಮಾತ್ರ. ಅದೇ ಅಂತರ ಒಂದೂವರೆ ಅಂಗುಲವಿದ್ದರೆ, ಪೇಟೆಯಲ್ಲಿ ಸಿಗುವ ಗುಂಡನೆಯ ಬಿಲ್ಲೆಯ ಕೊಕ್ಕೆಗಳಲ್ಲಿ ಇರುವಂತೆ, ಎಳೆತ ಇಪ್ಪತ್ತು ಕಿಲೋ ಆಗುತ್ತದೆ. ಮಣ್ಣಿನ ಇಟ್ಟಿಗೆಗೆ ಗಾರೆ ಬಳಿದ ಹಳೆಯ ಗೋಡೆಗಳಲ್ಲಿ ಪೇಟೆಯ ಕೊಕ್ಕೆಗಳು ಗಾರೆಯ ಸಮೇತ ಕಿತ್ತುಬರುವುದಕ್ಕೆ ಇದೇ ಕಾರಣ. ಉದ್ದವಾದ ಮಾವಿನ ಎಲೆ ತಿರುಪನ್ನು ಮೇಲಕ್ಕೆ ಒಯ್ಯುವ ಮೂಲಕ ಭಾರವನ್ನು ಹೊರಲು ತಾನೂ ಕೈ ಹಾಕುತ್ತದೆ. ತುದಿಯ ಸುರುಳಿಯೂ ಹಾಗೆಯೇ: ಮೊನೆ ಹೊರಕ್ಕೆ ಸುತ್ತಿಕೊಂಡಿರುವುದರಿಂದ ಬಟ್ಟೆ ಹರಿಯುವುದಿಲ್ಲ, ಮಕ್ಕಳ ಹಣೆಗೆ ತಾಗಿದರೂ ಗಾಯವಾಗುವ ಭಯ ಕಡಿಮೆ, ಚೀಲದ ಹಿಡಿ ಜಾರುವುದಿಲ್ಲ. ಕೆಲಸಕ್ಕೆ ಬಾರದ ಅಲಂಕಾರ ಈ ಕೊಕ್ಕೆಗಳಲ್ಲಿ ಎಲ್ಲಿಯೂ ಇಲ್ಲ.

ಮಾಡುವ ಕ್ರಮವನ್ನು ನಿಂತು ನೋಡಲು ಅವರು ಬಿಡುತ್ತಾರೆ, ನೋಡಬೇಕಾದದ್ದೇ. 8 ಮಿಲಿಮೀಟರ್ ಚೌಕ ಸರಳಿನ ತುದಿಯನ್ನು ಜಾಲಿಯ ಇದ್ದಿಲಿನ ಬೆಂಕಿಗೆ ಇಡುತ್ತಾರೆ. ಹಿಂದೆ ತಿದಿ ಒತ್ತುತ್ತಿದ್ದ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ, ಆದರೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲನ್ನು ಮಗ ಕೈಯಲ್ಲಿಯೇ ಆಡಿಸುತ್ತಾನೆ. ಕಬ್ಬಿಣ ಕಿತ್ತಳೆ ದಾಟಿ ಹಳದಿಗೆ ಬಂದಾಗ, ಅಂದರೆ ಸುಮಾರು 1,100 ಡಿಗ್ರಿಯ ಆಸುಪಾಸಿನಲ್ಲಿ, ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿಗೆ, ಅಂದರೆ ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ದಿಮ್ಮಿಗೆ, ತರುತ್ತಾರೆ. ತುದಿಯಿಂದ ಒಂದಂಗುಲ ಬಿಟ್ಟು ಅಡಿಗಲ್ಲಿನ ಅಂಚಿನ ಮೇಲೆ ಬಡಿದು ಕತ್ತು ತೆಗೆಯುತ್ತಾರೆ. ಕತ್ತಿನ ಆಚೆ ಉಳಿದ ಗಂಟೇ ಎಲೆಯಾಗಬೇಕಾದದ್ದು. ಮತ್ತೆ ಕಾಯಿಸಿ, ಗಂಟಿನ ಮೂಲೆಗಳನ್ನು ಮುರಿದು ಮೊನೆ ಮಾಡಿ, ಆಮೇಲೆ ಅಗಲಕ್ಕೆ ಬಡಿಯುತ್ತಾರೆ. ಎಲೆ ತೆಳ್ಳಗಾಗುತ್ತಿದ್ದಂತೆ ಬೇಗ ತಣಿಯುತ್ತದೆ. ಬಣ್ಣ ಮಂಕು ಕೆಂಪಿಗೆ ಇಳಿದರೆ ಏಟು ನಿಲ್ಲಬೇಕು, ಇಲ್ಲವಾದರೆ ಅಂಚುಗಳು ಸೀಳುತ್ತವೆ. ಬಿಸಿ ಅತಿಯಾದರೂ ಕೆಲಸ ಕೆಟ್ಟಂತೆಯೇ: ಬೆಳ್ಳಗೆ ಕಾದು ನಕ್ಷತ್ರಗಳಂತೆ ಕಿಡಿ ಹಾರಿಸತೊಡಗಿದ ಕಬ್ಬಿಣ ಒಳಗಿನಿಂದ ಸುಟ್ಟುಹೋಗಿರುತ್ತದೆ, ಅದನ್ನು ಯಾವ ಸುತ್ತಿಗೆಯೂ ಸರಿ ಮಾಡಲಾರದು. ಈ ಎರಡು ಮಿತಿಗಳ ನಡುವೆ ಎಲೆಯಂಥ ತೆಳುವಾದ ಭಾಗಕ್ಕೆ ಸಿಗುವುದು ಕೆಲವೇ ಸೆಕೆಂಡು. ನಡುವಿನ ದಂಟು ಮತ್ತು ಪಕ್ಕದ ನರಗಳನ್ನು ಮೊಂಡಾದ ಉಳಿಯಿಂದ ಹೊಡೆಯುವಾಗ ತಂದೆ ಉಳಿ ಹಿಡಿಯುತ್ತಾರೆ, ಮಗ ಸುತ್ತಿಗೆ ಬೀಸುತ್ತಾನೆ. ಒಂದು ನರಕ್ಕೆ ಒಂದೇ ಏಟು, ಎರಡನೆಯದು ಬಿದ್ದರೆ ಗೆರೆ ಜೋಡಿಯಾಗುತ್ತದೆ. ದಪ್ಪ ಸರಳಿನ ಕೆಲಸವಾದರೆ ತಂದೆಯ ಸಣ್ಣ ಸುತ್ತಿಗೆ ಬಿದ್ದ ಜಾಗಕ್ಕೇ ಮಗನ ಚಮ್ಮಟಿಗೆ ಬೀಳುತ್ತದೆ, ಇಬ್ಬರ ನಡುವೆ ಮಾತಿನ ಅಗತ್ಯವೇ ಇರುವುದಿಲ್ಲ.

ತಿರುಚುವುದು ನೋಡುವವರಿಗೆ ಸುಲಭವೆನಿಸುತ್ತದೆ, ಕೈಗೆ ಬರುವುದು ಕಷ್ಟ. ಸರಳಿನ ನಡುಭಾಗವನ್ನು ಉದ್ದಕ್ಕೂ ಒಂದೇ ಬಣ್ಣ ಬರುವಂತೆ ಕಾಯಿಸಿ, ಒಂದು ಕಡೆಯನ್ನು ಬೆಂಚ್ ವೈಸಿನಲ್ಲಿ ಬಿಗಿದು, ಇನ್ನೊಂದು ಕಡೆಯನ್ನು ಹಿಡಿದು ಒಂದೇ ಉಸಿರಿನಲ್ಲಿ ತಿರುಗಿಸಬೇಕು. ಎಲ್ಲಿ ಬಿಸಿ ಹೆಚ್ಚೋ ಅಲ್ಲಿ ತಿರುಚು ಒತ್ತಾಗುತ್ತದೆ, ಎಲ್ಲಿ ಕಡಿಮೆಯೋ ಅಲ್ಲಿ ಸಡಿಲವಾಗುತ್ತದೆ. ಒತ್ತಾದ ಜಾಗಕ್ಕೆ ಆಚಾರ್ಯರು ತೆಂಗಿನ ಚಿಪ್ಪಿನಿಂದ ನಾಲ್ಕು ಹನಿ ನೀರು ಬಿಟ್ಟು ತಣಿಸಿ, ಉಳಿದ ಕಡೆ ತಿರುಚು ಬರುವಂತೆ ಮಾಡುತ್ತಾರೆ. ನಮಗೆ ಬಂದ ಕೊಕ್ಕೆಗಳಲ್ಲಿ ತಿರುಚಿನ ಅಂಚುಗಳು ಸಮವಾಗಿ ಏರಿವೆ, ಮತ್ತು ಎಲ್ಲವೂ ಒಂದೇ ದಿಕ್ಕಿಗೆ ಸುತ್ತಿವೆ. ಸಾಲಾಗಿ ಹೊಡೆದಾಗ ಒಂದು ಬಲಕ್ಕೆ, ಒಂದು ಎಡಕ್ಕೆ ತಿರುಗಿದ್ದರೆ ಗೋಡೆ ನೋಡಲು ಎಷ್ಟು ಕಸಿವಿಸಿಯಾಗುತ್ತದೆ ಎಂಬುದನ್ನು ಅಂಥವನ್ನು ಕಂಡವರೇ ಬಲ್ಲರು. ಬಾಗಿದ ಭಾಗವನ್ನು ಕೊನೆಗೆ ಪಕ್ಕದಿಂದ ಸ್ವಲ್ಪ ಬಡಿದು, ಗೋಡೆಯ ದಿಕ್ಕಿಗೆ ಆಳ ಹೆಚ್ಚುವಂತೆ ಮಾಡುತ್ತಾರೆ. ಬಾಗುವ ದಿಕ್ಕಿನಲ್ಲಿ ಸರಳಿನ ಆಳ ಎರಡು ಪಟ್ಟಾದರೆ ಅದು ತಡೆಯುವ ಭಾರ ನಾಲ್ಕು ಪಟ್ಟಾಗುತ್ತದೆ, ಅಗಲ ಎರಡು ಪಟ್ಟಾದರೆ ಎರಡೇ ಪಟ್ಟು. ಆದ್ದರಿಂದ ಅಗಲದಿಂದ ಕೊಂಚ ತೆಗೆದು ಆಳಕ್ಕೆ ಕೊಡುವುದು ಯಾವಾಗಲೂ ಲಾಭದ ಬಾಬತ್ತು. ಗೋಡೆಗೆ ಕೂರಿಸಿದ ನಂತರ ಒಂದು ಕೊಕ್ಕೆಗೆ 25 ಕಿಲೋ ಅಕ್ಕಿ ಮೂಟೆಯನ್ನು ರಾತ್ರಿಯಿಡೀ ನೇತುಹಾಕಿ ನೋಡಿದೆ. ಬೆಳಿಗ್ಗೆ ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ತಿರುಪಿನ ತೂತುಗಳ ವಿಷಯದಲ್ಲಿ ಸ್ವಲ್ಪ ಚರ್ಚೆ ನಡೆಯಿತು. ಹಿರಿಯರು ಕಾದ ಕಬ್ಬಿಣದ ಮೇಲೆ ಪಂಚ್ ಇಟ್ಟು ಹೊಡೆದು ತೂತು ಮಾಡುವ ಪದ್ಧತಿಯವರು. ಹಾಗೆ ಮಾಡಿದಾಗ ಬಹುಪಾಲು ಕಬ್ಬಿಣ ಹೊರಗೆ ಹೋಗದೆ ತೂತಿನ ಸುತ್ತ ಉಬ್ಬಿ ನಿಲ್ಲುವುದರಿಂದ ಆ ಜಾಗ ಬಲಹೀನವಾಗುವುದಿಲ್ಲ, ನೋಡಲು ಚೆಂದವೂ ಹೌದು. ಆದರೆ ನಮ್ಮ ಮೊದಲ ಕಂತಿನಲ್ಲಿ ತೂತುಗಳ ಅಂತರ ಒಂದೊಂದರಲ್ಲಿ ಒಂದೊಂದು ರೀತಿ ಇತ್ತು, ತಿರುಪಿನ ತಲೆ ಕೂರುವ ಗುಳಿಯೂ ಇರಲಿಲ್ಲ, ಇದರಿಂದ ಬಡಗಿಗೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಗುರುತು ಮಾಡಬೇಕಾಯಿತು. ಕಮ್ಮಾರಿಕೆಯನ್ನೂ ಸೇರಿಸಿ 18 ಕಸುಬುಗಳಿಗಾಗಿ 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಮಗ ಅದರಲ್ಲಿ ಡ್ರಿಲ್ ಯಂತ್ರ ತೆಗೆದುಕೊಂಡಿದ್ದಾನೆ, ಮುಂದಿನ ಕಂತನ್ನು ಅವನೇ ಅದರಿಂದ ಮಾಡಿಕೊಟ್ಟ. ಎರಡನ್ನೂ ಬಳಸಿದ ನನ್ನ ಅಭಿಪ್ರಾಯವೆಂದರೆ ಪಂಚ್ ಹೊಡೆದ ತೂತೇ ಹೆಚ್ಚು ಒಳ್ಳೆಯದು. ಆದರೆ ಅಂತರಕ್ಕೆ ಒಂದು ತಗಡಿನ ಅಚ್ಚು ಮಾಡಿಕೊಡಿ ಎಂದು ಮೊದಲೇ ಹೇಳಬೇಕು, ತಿರುಪನ್ನೂ ಜೊತೆಗೆ ಒಯ್ದು ತೋರಿಸಬೇಕು. ಕೈಕೆಲಸವೆಂದರೆ ಪ್ರತಿಯೊಂದೂ ಬೇರೆ ಇರುತ್ತದೆ ಎಂಬ ಮಾತನ್ನು ಎಲ್ಲಕ್ಕೂ ಒಪ್ಪಲಾಗುವುದಿಲ್ಲ. ಎಲೆಯ ನರ, ಸುರುಳಿಯ ಸುತ್ತು ಬೇರೆಬೇರೆಯಾಗಿರಲಿ, ಅದು ಸೊಗಸು. ಉದ್ದ, ಮುಂಚಾಚು, ತೂತಿನ ಅಂತರ ಈ ಮೂರೂ ಒಂದೇ ಆಗಿರಬೇಕು.

ಇನ್ನೂ ಎರಡು ದೋಷಗಳನ್ನು ಹೇಳಬೇಕು. ಒಂದು ಕೊಕ್ಕೆಯಲ್ಲಿ ಎಲೆಯ ಕತ್ತಿನ ಬಳಿ ಕೂದಲಿನಷ್ಟು ಸಣ್ಣ ಗೆರೆ ಇತ್ತು. ಕತ್ತು ತೆಗೆಯುವಾಗ ಏಟು ಚೂಪಾಗಿ ಬಿದ್ದರೆ ಕಬ್ಬಿಣ ತನ್ನ ಮೇಲೆ ತಾನೇ ಮಡಿಚಿಕೊಳ್ಳುತ್ತದೆ. ಮಡಿಕೆಯ ಒಳಗೆ ಕಿಟ್ಟ, ಅಂದರೆ ಕಾದ ಕಬ್ಬಿಣದ ಮೇಲೆ ಕಟ್ಟುವ ಕಪ್ಪು ಪದರ, ಸೇರಿರುವುದರಿಂದ ಅದು ಮತ್ತೆ ಬೆಸೆದುಕೊಳ್ಳುವುದಿಲ್ಲ, ಮುಂದೆ ಒಂದು ದಿನ ಸೀಳು ಅಲ್ಲಿಂದಲೇ ಹೊರಡುತ್ತದೆ. ತೋರಿಸಿದೊಡನೆ ಹಿರಿಯರು ಆ ಕೊಕ್ಕೆಯನ್ನು ಅಡಿಗಲ್ಲಿನ ಮೇಲಿಟ್ಟು ಕತ್ತರಿಸಿ ಗುಜರಿಗೆ ಎಸೆದು, ಹೊಸದನ್ನು ಮಾಡಿಕೊಟ್ಟರು. ಬಣ್ಣ ಬಳಿದು ಮುಚ್ಚುವ ಯೋಚನೆಯೇ ಅವರಿಗೆ ಬರಲಿಲ್ಲ. ಕೊಳ್ಳುವವರು ಉಗುರಿನ ತುದಿಯನ್ನು ಕತ್ತಿನ ಸುತ್ತ ಆಡಿಸಿ ನೋಡಿದರೆ ಇಂಥ ಮಡಿಕೆ ತಿಳಿಯುತ್ತದೆ. ಎರಡನೆಯದು, ಕೆಲವು ಪಟ್ಟಿಗಳ ಬೆನ್ನು ಸಮತಟ್ಟಾಗಿರಲಿಲ್ಲ. ಅಂಥದ್ದನ್ನು ತಿರುಪು ಬಿಗಿದು ಗೋಡೆಗೆ ಕೂರಿಸಲು ಹೋದರೆ ಗಾರೆ ಬಿರುಕು ಬಿಡುತ್ತದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಅಲುಗಾಡುತ್ತದೆಯೇ ಎಂದು ನೋಡುವುದೇ ಸಾಕಾದ ಪರೀಕ್ಷೆ.

ಮೇಲ್ಮೈಯ ವಿಷಯಕ್ಕೆ ಬಂದರೆ ನನ್ನ ತಕರಾರು ದೊಡ್ಡದು. ಬಡಿದ ಕಬ್ಬಿಣದ ಮೇಲೆ ಪದರ ಪದರವಾಗಿ ಕಿಟ್ಟ ಕೂತಿರುತ್ತದೆ. ಸಡಿಲವಾದದ್ದನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದು, ಕೊಕ್ಕೆಯನ್ನು ಕೈ ಇಡಲಾಗದಷ್ಟು, ಆದರೆ ಕೆಂಪಾಗದಷ್ಟು ಬಿಸಿ ಮಾಡಿ ಎಣ್ಣೆ ಸವರಿದರೆ ಸೊಗಸಾದ ಕಪ್ಪು ಬಣ್ಣ ಕೂರುತ್ತದೆ, ತುಕ್ಕಿಗೂ ಸ್ವಲ್ಪ ತಡೆಯಾಗುತ್ತದೆ. ಈ ಕುಲುಮೆಯಲ್ಲಿ ಸವರುವುದು ಲಾರಿಯಿಂದ ಇಳಿಸಿದ ಹಳೆಯ ಇಂಜಿನ್ ಆಯಿಲ್. ಗುದ್ದಲಿಗೆ ಅದು ಸಾಕು. ಬಟ್ಟೆ ನೇತುಹಾಕುವ ಕೊಕ್ಕೆಗೆ ಅದು ಸಲ್ಲದು: ಅದು ಒಣಗುವುದೇ ಇಲ್ಲ, ವಾಸನೆ ಹೋಗಲು ವಾರಗಳು ಬೇಕು, ಮತ್ತು ನಮ್ಮ ಮನೆಯ ಬಿಳಿ ಪಂಚೆಯೊಂದರ ಮೇಲೆ ಅದರ ಕಪ್ಪು ಗೆರೆ ಇಂದಿಗೂ ಉಳಿದಿದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳೂ ಒಣಗುವ ಜಾತಿಯವಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ತಾನೇ ಗಟ್ಟಿ ಪೊರೆಯಾಗುವುದು ಅಗಸೆ ಎಣ್ಣೆ. ಬಡಗಿಗಳಿಗೆ ಬೇಕಾದ ಸಾಮಾನು ಮಾರುವ ಅಂಗಡಿಗಳಲ್ಲಿ ಅದು ಲಿನ್ಸೀಡ್ ಆಯಿಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದಕ್ಕೆ ಸ್ವಲ್ಪ ಜೇನುಮೇಣ ಕರಗಿಸಿ ಸೇರಿಸಿ, ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆದರೆ ಕೈಗೂ ಬಟ್ಟೆಗೂ ಅಂಟದ ಮೇಲ್ಮೈ ಸಿಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ಅಗಸೆ ಎಣ್ಣೆಯ ಬಟ್ಟೆ ಒಣಗುವಾಗ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಬೇಕು. ನಂತರದ ಕಂತಿಗೆ ನಾವೇ ಎಣ್ಣೆ ಮತ್ತು ಮೇಣ ಒಯ್ದು ಕೊಟ್ಟೆವು, ಆಚಾರ್ಯರು ಬೇಸರವಿಲ್ಲದೆ ಅದನ್ನೇ ಬಳಸಿದರು. ಆ ಕಂತಿನ ಕೊಕ್ಕೆಗಳ ಮೇಲೆ ಮಳೆಗಾಲ ಕಳೆದರೂ ತುಕ್ಕು ಕಾಣಿಸಿಲ್ಲ. ಕೋಲಾರ ಸೀಮೆಯ ಒಣ ಹವೆಯೂ ಇದಕ್ಕೆ ನೆರವಾಗಿದೆ. ಬಚ್ಚಲುಮನೆಗೆ ಮಾತ್ರ ಈ ಕೊಕ್ಕೆಗಳನ್ನು ಯಾವ ಎಣ್ಣೆ ಸವರಿದರೂ ಹಾಕಬಾರದು.

ಪೇಟೆಯಲ್ಲಿಯೂ ಆನ್‌ಲೈನಿನಲ್ಲಿಯೂ ಹಳೆಯ ಕಾಲದ ಕೊಕ್ಕೆಗಳೆಂದು ಮಾರುವ ವಸ್ತುಗಳ ಜೊತೆ ಇವನ್ನು ಹೋಲಿಸುವುದು ನ್ಯಾಯ. ಅವುಗಳಲ್ಲಿ ಹಲವು ಎರಕದ ಕಬ್ಬಿಣದವು. ಎರಕದಲ್ಲಿ ಇಂಗಾಲ ಶೇಕಡಾ 2ಕ್ಕಿಂತ ಹೆಚ್ಚಿರುವುದರಿಂದ ಅದು ಒತ್ತಡವನ್ನು ಚೆನ್ನಾಗಿ ತಡೆದರೂ ಎಳೆತಕ್ಕೆ ದುರ್ಬಲ. ಕೊಕ್ಕೆಗೆ ಭಾರ ಬಿದ್ದಾಗ ಅದರ ಬಾಗಿನ ಒಳಮೈ ಎಳೆತಕ್ಕೆ ಸಿಗುತ್ತದೆ, ಆದ್ದರಿಂದ ಎರಕದ ಕೊಕ್ಕೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದರೂ ತುಂಡಾಗಬಹುದು. ಬಡಿದ ಕೊಕ್ಕೆ ಅತಿ ಭಾರಕ್ಕೆ ಮೊದಲು ನಿಧಾನವಾಗಿ ಬಾಗಿ ತನ್ನ ಸಂಕಟವನ್ನು ಕಣ್ಣಿಗೆ ತೋರಿಸುತ್ತದೆ, ಮತ್ತೆ ಕಾಯಿಸಿ ಬಡಿದರೆ ಸರಿಯೂ ಆಗುತ್ತದೆ. ಎಲೆಯನ್ನು ಬೇರೆಯಾಗಿ ತಗಡಿನಲ್ಲಿ ಕತ್ತರಿಸಿ ಸರಳಿಗೆ ವೆಲ್ಡ್ ಮಾಡಿದ ಕೊಕ್ಕೆಗಳೂ ಸಿಗುತ್ತವೆ, ಬೆಲೆ ಕಡಿಮೆ. ಕಪ್ಪು ಬಣ್ಣದ ಕೆಳಗೆ ವೆಲ್ಡಿನ ಗಂಟನ್ನು ಹುಡುಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬಡಿದ ಎಲೆಯಲ್ಲಿ ದಂಟು ಎಲ್ಲಿ ಮುಗಿಯಿತು, ಎಲೆ ಎಲ್ಲಿ ಶುರುವಾಯಿತು ಎಂದು ಗುರುತಿಸಲು ಆಗುವುದಿಲ್ಲ.

ಬೆಲೆಯ ಬಗ್ಗೆ ಹಲವರು ಕೇಳಿದ್ದಾರೆ. ಎಲೆ, ತಿರುಚು, ಸುರುಳಿ ಮೂರೂ ಇರುವ ಗೋಡೆಕೊಕ್ಕೆಗೆ 350 ರೂಪಾಯಿ, ಎಲೆಯಿಲ್ಲದ ಸರಳವಾದದ್ದಕ್ಕೆ 180, ಗಿಳಿಯ ತಲೆಯದಕ್ಕೆ 500 ತೆಗೆದುಕೊಂಡರು. 8 ಮಿಲಿಮೀಟರ್ ಚೌಕ ಸರಳು ಮೀಟರಿಗೆ ಸುಮಾರು ಅರ್ಧ ಕಿಲೋ ತೂಗುತ್ತದೆ, ಒಂದು ಕೊಕ್ಕೆಗೆ ಬೇಕಾಗುವುದು ಒಂದಡಿ, ಅಂದರೆ 150 ಗ್ರಾಂ. ಕಬ್ಬಿಣದ ಬೆಲೆ ಹತ್ತು ರೂಪಾಯಿಯ ಆಸುಪಾಸಿನದು. ಉಳಿದದ್ದು ಇದ್ದಿಲು, ಕರೆಂಟು ಮತ್ತು ಇಬ್ಬರು ಬೆಂಕಿಯ ಮುಂದೆ ನಿಂತು ಕಳೆದ ಹೊತ್ತು. ಒಂದು ಎಲೆಗೇ ಸರಳು ಹಲವು ಸಲ ಬೆಂಕಿಗೆ ಹೋಗಿ ಬರಬೇಕು ಎಂಬುದನ್ನು ಕಂಡ ಮೇಲೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ. ಬೇರೆಯವರೂ ಮಾಡಬಾರದೆಂದು ಕೇಳಿಕೊಳ್ಳುತ್ತೇನೆ.

ತೊಲೆಗೆ ಹಾಕುವ ಕೊಕ್ಕೆಗಳು ಬೇರೆ ಜಾತಿಯವು. ನೆಲುವು ತೂಗುಹಾಕಲು, ದೇವರ ಮನೆಯಲ್ಲಿ ತೂಗುದೀಪ ಇಳಿಬಿಡಲು ಮಾಡಿಸಿದ ಈ ಕೊಕ್ಕೆಗಳಲ್ಲಿ ಅಲಂಕಾರವನ್ನು ತಿರುಚಿಗಷ್ಟೇ ಸೀಮಿತಗೊಳಿಸಿದರು. ಇವುಗಳಲ್ಲಿ ಗಮನಿಸಬೇಕಾದದ್ದು ಒಂದೇ: ಮೇಲಿನ ಉಂಗುರದ ನಡುವಿನಿಂದ ತೂಕದ ದಾರ ಬಿಟ್ಟರೆ ಅದು ಕೊಕ್ಕೆಯ ಬಾಗಿನ ತೀರ ಕೆಳಗಿನ ಬಿಂದುವನ್ನು ಮುಟ್ಟಬೇಕು. ಹಾಗಿಲ್ಲದಿದ್ದರೆ ತೂಗುಹಾಕಿದ್ದು ಓರೆಯಾಗುತ್ತದೆ, ಕೊಕ್ಕೆಗೂ ಅನಗತ್ಯವಾದ ಬಾಗು ಬೀಳುತ್ತದೆ. ನಮ್ಮವೆಲ್ಲವೂ ಸರಿಯಾಗಿದ್ದವು. ಉಯ್ಯಾಲೆಗೆ ಕೊಕ್ಕೆ ಕೇಳಿದಾಗ ತಿರುಚನ್ನೂ ತೆರೆದ ಬಾಯನ್ನೂ ಹಿರಿಯರು ಸಾರಾಸಗಟಾಗಿ ನಿರಾಕರಿಸಿ, 16 ಮಿಲಿಮೀಟರ್ ಸರಳಿನ ಮುಚ್ಚಿದ ಬಳೆಯೇ ಆಗಬೇಕೆಂದರು. ಮನುಷ್ಯರು ಕೂತು ಜೀಕುವ ಜಾಗದಲ್ಲಿ ಚೆಂದ ಹುಡುಕಬಾರದೆಂಬ ಅವರ ನಿಲುವು ನನಗೆ ಸರಿಯೆನಿಸಿತು. ಇನ್ನೊಂದು ಸಂದರ್ಭದಲ್ಲಿ, ಗಿರಾಕಿಯೊಬ್ಬರು ಹಳೆಯ ಜಿ.ಐ. ಪೈಪು ತಂದು ಅದರಲ್ಲಿಯೇ ಕೊಕ್ಕೆ ಮಾಡಿಕೊಡಿ ಎಂದಾಗಲೂ ಅವರು ಅದನ್ನು ಬೆಂಕಿಗೆ ಇಡಲು ಒಪ್ಪಲಿಲ್ಲ. ಪೈಪಿನ ಮೇಲಿನ ಸತುವು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ, ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಬಂದ ಕೆಲಸವನ್ನು ಬೇಡವೆನ್ನಲು ತಿಳಿದಿರುವ ಕುಲುಮೆಯನ್ನು ನಂಬಬಹುದು.

ಗೋಡೆಯ ಮೂಲೆಯಲ್ಲಿ ಅವರ ತಂದೆಯ ಕಾಲದ ಪಾತಾಳಗರಡಿಯೊಂದು ಇನ್ನೂ ತೂಗುತ್ತಿದೆ. ತೆರೆದ ಬಾವಿಗಳು ಬಹುಪಾಲು ಬತ್ತಿ ಜನ ಕೊಳವೆಬಾವಿಗಳಿಗೆ ಬಂದಿರುವ ಜಿಲ್ಲೆಯಲ್ಲಿ ಬಾವಿಗೆ ಬಿದ್ದ ಕೊಡವನ್ನು ಎತ್ತುವ ಆ ಸಾಧನವನ್ನು ಯಾರೂ ಕೇಳಿಕೊಂಡು ಬರುವುದಿಲ್ಲ. ಬಳೆಯ ಸುತ್ತ ಹೊರಕ್ಕೆ ಮುಖ ಮಾಡಿದ ಅದರ ಕೊಕ್ಕೆಗಳ ಬಾಗನ್ನು ಗಮನಿಸಿ ನೋಡಿದರೆ, ನಮ್ಮ ಗೋಡೆಕೊಕ್ಕೆಗಳ ಬಾಗು ಎಲ್ಲಿಂದ ಬಂದಿತೆಂದು ತಿಳಿಯುತ್ತದೆ. ಮಾದರಿ ಬೇಕೆನ್ನುವವರು ಅದನ್ನು ಇಳಿಸಿ ತೋರಿಸುವಂತೆ ಕೇಳಬೇಕು. ಮೊಬೈಲಿನ ಚಿತ್ರಗಳಿಗಿಂತ ಅದನ್ನು ನೋಡುತ್ತ ಮಾತನಾಡಿದಾಗ ಆಚಾರ್ಯರ ಕೈ ಹೆಚ್ಚು ಉತ್ಸಾಹದಿಂದ ಸೀಮೆಸುಣ್ಣ ಹಿಡಿಯುತ್ತದೆ.

ಹೋಗುವವರಿಗೆ ಹೊತ್ತಿನ ಬಗ್ಗೆ ಒಂದು ಮಾತು. ಮುಂಗಾರಿಗೆ ಮೊದಲು ನೇಗಿಲ ಗುಳ ತಟ್ಟಿಸುವವರೂ, ರಾಗಿ ಕೊಯ್ಲಿಗೆ ಮೊದಲು ಕುಡುಗೋಲಿಗೆ ಕಕ್ಕು, ಅಂದರೆ ಹಲ್ಲು, ಹಾಕಿಸುವವರೂ ಬೆಳಿಗ್ಗೆಯಿಂದಲೇ ಕಾದಿರುತ್ತಾರೆ, ಆ ದಿನಗಳಲ್ಲಿ ಕೊಕ್ಕೆಯ ಕೆಲಸವನ್ನು ಅವರು ಮುಟ್ಟುವುದಿಲ್ಲ. ಶಿಲ್ಪಿಗಳ ಉಳಿಗಳು ವರ್ಷವಿಡೀ ಬರುತ್ತವೆ, ಅವಕ್ಕೆ ಮೊದಲ ಸರದಿ. ಸಂಕ್ರಾಂತಿ ಕಳೆದ ಮೇಲೆ ಬೇಸಿಗೆಯ ನಡುವಿನವರೆಗೆ ಹೇಳಿದ ಕೆಲಸ ಬೇಗ ಸಿಗುತ್ತದೆ. ಅಮಾವಾಸ್ಯೆಯ ದಿನ ಕುಲುಮೆ ಹೊತ್ತಿಸುವುದಿಲ್ಲ. ಮುಂಗಡವಾಗಿ ಅರ್ಧ ಹಣ ಕೊಡಬೇಕು, ಉಳಿದದ್ದನ್ನು ಕೊಕ್ಕೆಗಳನ್ನು ಕಟ್ಟೆಯ ಮೇಲಿಟ್ಟು ನೋಡಿದ ನಂತರ ಕೊಟ್ಟರಾಯಿತು, ಅವರೇ ಹಾಗೆ ಹೇಳುತ್ತಾರೆ. ತಿರುಪು, ಅಗಸೆ ಎಣ್ಣೆ, ಜೇನುಮೇಣ ಮತ್ತು ಗೋಡೆಯ ಅಳತೆ ಬರೆದ ಚೀಟಿ, ಇಷ್ಟನ್ನು ಒಯ್ಯಬೇಕು.